ಅಕ್ಕ ಯಾವ ಮೆಟ್ಟಿಲಲ್ಲಿದ್ದಾಳೆ? ಪಠ್ಯಪುಸ್ತಕ ಬರೆಯುವವರಿಗೊಂದು ಬಹಿರಂಗ ಪತ್ರ

ದ್ವಿತೀಯ ಪಿಯು ವ್ಯವಹಾರ ಅಧ್ಯಯನದ ಪಠ್ಯ ಬರೆಯುವ, ಅದನ್ನು ಕನ್ನಡಕ್ಕೆ ತರುವ, ಅದರ ಮೇಲೆ ಪ್ರಶ್ನೆಪತ್ರಿಕೆ ತೆಗೆಯುವ ಎಲ್ಲ ಹಿರಿಯರಿಗೆ,

ನಮಸ್ಕಾರಗಳು.

ನಾನು ಹಳೇ ಮೈಸೂರು ಸೀಮೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ವಾಣಿಜ್ಯ ಉಪನ್ಯಾಸಕಿ. 23 ವರ್ಷಗಳಿಂದ ಪಾಠ ಹೇಳುತ್ತಿದ್ದೇನೆ, ಬೇಸಿಗೆ ಬಂದರೆ ಮೌಲ್ಯಮಾಪನಕ್ಕೆ ಹೋಗುತ್ತೇನೆ. ಅಲ್ಲಿ ನಾನು ನೋಡಿರುವ ತ್ರಿಕೋನಗಳಿಗೆ ಲೆಕ್ಕವಿಲ್ಲ. ಸ್ಕೇಲ್ ಇಟ್ಟು ಎಳೆದವು, ಕೈಬರಹದಲ್ಲೇ ಸೊಟ್ಟಗಾದವು, ಬಣ್ಣದ ಪೆನ್ಸಿಲ್ ತುಂಬಿಸಿಕೊಂಡು ಬಂದವು. ‘ಮಾಸ್ಲೋ ಅವರ ಅಗತ್ಯಗಳ ಶ್ರೇಣಿಯನ್ನು ಚಿತ್ರದೊಂದಿಗೆ ವಿವರಿಸಿ’ ಎಂಬ ಪ್ರಶ್ನೆಗೆ ಬರುವ ಉತ್ತರಗಳವು. ಮನುಷ್ಯನನ್ನು ನಡೆಸುವ ಅಗತ್ಯಗಳನ್ನು ಒಂದರ ಮೇಲೊಂದು ಜೋಡಿಸಿ ತೋರಿಸಿದ ಅಮೆರಿಕದ ಮನಶ್ಶಾಸ್ತ್ರಜ್ಞರು ಈ ಮಾಸ್ಲೋ. ಕೆಳಗೆ ಅನ್ನ ನೀರು, ಅದರ ಮೇಲೆ ಭದ್ರತೆ, ಆಮೇಲೆ ಸ್ನೇಹ ಸಂಬಂಧ, ಅದರ ಮೇಲೆ ಗೌರವ, ತುತ್ತತುದಿಯಲ್ಲಿ ಆತ್ಮಸಾಕ್ಷಾತ್ಕಾರ. ತುದಿಯ ಆ ಚೂಪು ಜಾಗದಲ್ಲಿ ಅಷ್ಟುದ್ದದ ಪದ ಹಿಡಿಸುವುದಿಲ್ಲ. ಹಾಗಾಗಿ ನೂರಕ್ಕೆ ತೊಂಬತ್ತು ಮಕ್ಕಳು ಹೊರಕ್ಕೊಂದು ಬಾಣ ಹಾಕಿ ಪಕ್ಕದಲ್ಲಿ ಬರೆಯುತ್ತಾರೆ. ಆತ್ಮಸಾಕ್ಷಾತ್ಕಾರವೊಂದು ತ್ರಿಕೋನದ ಆಚೆಗೇ ಉಳಿಯುತ್ತದೆ.

ಆ ಪದದ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ಕನ್ನಡದಲ್ಲಿ ಆತ್ಮಸಾಕ್ಷಾತ್ಕಾರ ಎಂದರೆ ರಮಣ ಮಹರ್ಷಿಗಳ ನೆನಪಾಗುತ್ತದೆ. ‘ನಾನು’ ಎಂಬುದು ಕರಗುವ ಸ್ಥಿತಿ ಅದು. ಪಾಠದಲ್ಲಿ ಹೇಳಿರುವುದು ಅದಕ್ಕೆ ತದ್ವಿರುದ್ಧ: ತನ್ನ ಗುರಿ, ತನ್ನ ಬೆಳವಣಿಗೆ, ತನ್ನ ಸಾಧನೆ. ಒಬ್ಬ ಹುಡುಗ ಐದನೆಯ ಮೆಟ್ಟಿಲಿಗೆ ‘ಮೋಕ್ಷ, ಉದಾಹರಣೆಗೆ ನಿವೃತ್ತಿಯ ನಂತರ ಕಾಶಿಯಾತ್ರೆ’ ಎಂದು ಬರೆದಿದ್ದ. ನಾನು ಅರ್ಧ ಅಂಕ ಕಳೆದೆ. ತಪ್ಪು ಅವನದಾಗಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಈ ಪತ್ರಕ್ಕೆ ಕಾರಣ ಮಾತ್ರ ಬೇರೆ. ಎರಡು ವರ್ಷದ ಹಿಂದೆ ‘ನಿರ್ದೇಶನ’ ಅಧ್ಯಾಯದ ಅಭಿಪ್ರೇರಣೆ (ಮೋಟಿವೇಶನ್) ಭಾಗ ಮಾಡುತ್ತಿದ್ದೆ. ಪುಸ್ತಕದಲ್ಲಿ ಈ ಸಿದ್ಧಾಂತದ ಗ್ರಹಿಕೆಗಳೆಂದು ಕೊಟ್ಟಿದ್ದಾರಲ್ಲ, ಕೆಳಗಿನ ಅಗತ್ಯ ಈಡೇರಿದ ಮೇಲಷ್ಟೇ ಮನುಷ್ಯ ಮೇಲಿನದಕ್ಕೆ ಹೋಗುತ್ತಾನೆ, ಈಡೇರಿದ ಅಗತ್ಯ ಮತ್ತೆ ಅವನನ್ನು ಪ್ರೇರೇಪಿಸುವುದಿಲ್ಲ ಎಂದು, ಅದನ್ನು ಬರೆಸುತ್ತಿದ್ದೆ. ಕಿಟಕಿ ಪಕ್ಕ ಕೂರುವ ಒಬ್ಬ ಹುಡುಗಿ ಎದ್ದು ನಿಂತಳು. ಅವಳ ಅಕ್ಕ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಬೆಳಿಗ್ಗೆ ಆರೂವರೆಗೆ ವ್ಯಾನು ಬರುತ್ತದೆ, ಡಬ್ಬಿ ಕಟ್ಟಿಕೊಳ್ಳಲು ಆದರೆ ಆಯಿತು, ಇಲ್ಲದಿದ್ದರೆ ಮಧ್ಯಾಹ್ನದವರೆಗೆ ಬರಿ ಟೀ. ಆ ಸಂಬಳದಲ್ಲಿ ಇವಳ ಫೀಸು, ಅಪ್ಪನ ಸಕ್ಕರೆ ಕಾಯಿಲೆಯ ಮಾತ್ರೆ, ಮಿಕ್ಕಿದ್ದು ಚೀಟಿಗೆ. ‘ಮೇಡಂ, ನಮ್ಮಕ್ಕ ಹೊಟ್ಟೆ ತುಂಬ ಊಟವನ್ನೇ ಮಾಡುವುದಿಲ್ಲ. ಪುಸ್ತಕದ ಪ್ರಕಾರ ಅವಳು ಇನ್ನೂ ಕೆಳಗಿನ ಮೆಟ್ಟಿಲು ದಾಟಿಲ್ಲ. ಮತ್ತೆ ನನ್ನನ್ನು ಯಾಕೆ ಓದಿಸುತ್ತಿದ್ದಾಳೆ? ಅದು ಯಾವ ಮೆಟ್ಟಿಲು?’

‘ಮೂರನೆಯದು, ಸಾಮಾಜಿಕ ಅಗತ್ಯ’ ಎಂದೆ. ಹೇಳುವಾಗಲೇ ಗಂಟಲಲ್ಲಿ ಸಿಕ್ಕಿಕೊಂಡಿತು. ಮೂರನೆಯ ಮೆಟ್ಟಿಲಿಗೆ ಪುಸ್ತಕ ಕೊಡುವ ಉದಾಹರಣೆ ಸಹೋದ್ಯೋಗಿಗಳ ಸ್ನೇಹ. ಹಸಿದುಕೊಂಡು ತಂಗಿಯನ್ನು ಓದಿಸುವುದು ಸಹೋದ್ಯೋಗಿಗಳ ಜೊತೆ ಟೀ ಕುಡಿಯುವ ಬಾಬತ್ತಿನದಲ್ಲ. ಹುಡುಗಿ ಬರೆದುಕೊಂಡು ಕೂತಳು. ಪರೀಕ್ಷೆಗೆ ಅಷ್ಟು ಸಾಕಾಗಿತ್ತು.

ಆಮೇಲೆ ನಾನು ಓದತೊಡಗಿದೆ. ಮೊದಲು ಮಾಸ್ಲೋ ಅವರನ್ನೇ. 1943ರಲ್ಲಿ ಪ್ರಕಟವಾದ ಅವರ ಮೂಲ ಲೇಖನದಲ್ಲಿ ತ್ರಿಕೋನವೇ ಇಲ್ಲ! ಆ ಚಿತ್ರ ಬಂದದ್ದು ಸುಮಾರು ಹದಿನೇಳು ವರ್ಷದ ನಂತರ, 1960ರಲ್ಲಿ, ಚಾರ್ಲ್ಸ್ ಮೆಕ್‌ಡರ್ಮಿಡ್ ಎಂಬ ಸಲಹೆಗಾರರು ಒಂದು ವ್ಯಾಪಾರ ಪತ್ರಿಕೆಗೆ ಬರೆದ ಲೇಖನದಲ್ಲಿ. ಕೆಲಸಗಾರರಿಂದ ಕೆಲಸ ತೆಗೆಸುವುದು ಹೇಗೆಂಬ ಚಿಂತೆ ಇದ್ದವರಿಗೆ ಮೆಟ್ಟಿಲು ಮೆಟ್ಟಿಲಾಗಿ ಕಾಣುವ ಚಿತ್ರ ಅನುಕೂಲವಾಗಿತ್ತು. ಅದಕ್ಕಿಂತ ಆಶ್ಚರ್ಯದ ಸಂಗತಿ ಇನ್ನೊಂದಿದೆ. ಒಂದು ಪೂರ್ತಿ ತೀರಿದ ಮೇಲೆ ಇನ್ನೊಂದು ಎಂದು ತಾನು ಹೇಳುತ್ತಿಲ್ಲ ಎಂಬುದನ್ನು ಮಾಸ್ಲೋ ಅವರೇ ಸ್ಪಷ್ಟಪಡಿಸಿದ್ದಾರೆ. ಸಾಮಾನ್ಯ ಮನುಷ್ಯನೊಬ್ಬನಿಗೆ ದೈಹಿಕ ಅಗತ್ಯಗಳು ನೂರಕ್ಕೆ 85ರಷ್ಟು, ಭದ್ರತೆ 70ರಷ್ಟು, ಪ್ರೀತಿ 50ರಷ್ಟು, ಸ್ವಾಭಿಮಾನ 40ರಷ್ಟು, ಆತ್ಮಸಾಕ್ಷಾತ್ಕಾರ 10ರಷ್ಟು ತೀರಿರಬಹುದು ಎಂದು, ಇವು ಮಾದರಿಗಾಗಿ ಇಟ್ಟ ಅಂಕಿಗಳೆಂದು ಹೇಳಿಯೇ ಬರೆದಿದ್ದಾರೆ. ಅಂದರೆ ಐದೂ ಒಟ್ಟೊಟ್ಟಿಗೆ ನಡೆಯುತ್ತಿರುತ್ತವೆ. ಆದರ್ಶಕ್ಕಾಗಿ ಎಲ್ಲವನ್ನೂ ಬಿಟ್ಟುಕೊಡುವವರನ್ನೂ ಅವರು ಮರೆತಿಲ್ಲ. ನಮ್ಮ ಪುಸ್ತಕದ ‘ಮೇಲಷ್ಟೇ’ ಎಂಬ ಪದ ಮಾಸ್ಲೋ ಅವರದಲ್ಲ. ಅವರ ಹೆಸರಿನಲ್ಲಿ ನಾವು ಮಕ್ಕಳಿಗೆ ಬರೆಸುತ್ತಿರುವ ಪದ ಅದು.

ಇನ್ನು ಮನುಷ್ಯ ಎಂದು ಮನಶ್ಶಾಸ್ತ್ರ ಕರೆಯುವುದು ಯಾರನ್ನು? ಅಮೆರಿಕದ ಪ್ರಮುಖ ಮನಶ್ಶಾಸ್ತ್ರ ಪತ್ರಿಕೆಗಳನ್ನು ಜೆಫ್ರಿ ಆರ್ನೆಟ್ ಎಂಬವರು ಜಾಲಾಡಿ 2008ರಲ್ಲಿ ಲೆಕ್ಕ ಕೊಟ್ಟರು. ಪ್ರಯೋಗಗಳಿಗೆ ಒಳಗಾದವರಲ್ಲಿ ನೂರಕ್ಕೆ 96 ಮಂದಿ ಪಾಶ್ಚಾತ್ಯ ಕೈಗಾರಿಕಾ ದೇಶಗಳವರು. ಆ ದೇಶಗಳ ಜನ ಲೋಕದ ಜನಸಂಖ್ಯೆಯಲ್ಲಿ ನೂರಕ್ಕೆ 12. ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಸಾಕು, ನಿಜ. ಅಗುಳು ಅದೇ ಪಾತ್ರೆಯದಾಗಿರಬೇಕಷ್ಟೇ.

ಇಲ್ಲಿಂದ ಮುಂದಿನದು ಓದಿ ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಬೇರೆ ಪಾತ್ರೆಯ ಅಗುಳನ್ನು ಹುಡುಕಿಕೊಂಡು ಹೊರಟವರಲ್ಲಿ ಒಬ್ಬರು ಜೋನ್ ಮಿಲ್ಲರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ. ಅವರು ಬಂದದ್ದು ಎಲ್ಲಿಗೆ ಗೊತ್ತೇ? ಮೈಸೂರಿಗೆ. ಬಸ್ಸು ಹತ್ತಿದರೆ ನಮ್ಮ ಮಕ್ಕಳು ಮಧ್ಯಾಹ್ನದೊಳಗೆ ಹೋಗಿ ಬರುವ ಊರು. ಸಂಸ್ಕೃತಿ ಮತ್ತು ಮನಸ್ಸಿನ ಬಗ್ಗೆ ಲೋಕದ ಎಲ್ಲ ಕಡೆ ಪಾಠ ಮಾಡುವವರು 1984ರ ಆ ಅಧ್ಯಯನವನ್ನು ಈಗಲೂ ಉದಾಹರಿಸುತ್ತಾರೆ. ಮೈಸೂರಿನ ಪಕ್ಕದಲ್ಲೇ ಕೂತು ಅಭಿಪ್ರೇರಣೆಯ ಪಾಠ ಮಾಡುವ ನನಗೆ ಅದರ ಸುಳಿವೇ ಇರಲಿಲ್ಲ.

ಮಿಲ್ಲರ್ ಮಾಡಿದ್ದು ಸರಳ ಕೆಲಸ. ಶಿಕಾಗೋದಲ್ಲೂ ಮೈಸೂರಿನಲ್ಲೂ ಮಕ್ಕಳನ್ನು ಮತ್ತು ದೊಡ್ಡವರನ್ನು ಕೂರಿಸಿಕೊಂಡು, ನಿಮಗೆ ಗೊತ್ತಿರುವವರು ಯಾರಾದರೂ ಮಾಡಿದ ಒಂದು ಒಳ್ಳೆಯ ಕೆಲಸ, ಒಂದು ಕೆಟ್ಟ ಕೆಲಸ ಹೇಳಿ, ಅವರು ಯಾಕೆ ಹಾಗೆ ಮಾಡಿದರು ಎನ್ನುವುದನ್ನೂ ಹೇಳಿ ಎಂದು ಕೇಳಿದರು. ಮೈಸೂರಿನವರೊಬ್ಬರು ಹೇಳಿದ ಘಟನೆ ಹೀಗಿದೆ. ಒಬ್ಬ ವಕೀಲ ಮೋಟಾರ್ ಸೈಕಲ್ಲಿನಲ್ಲಿ ಕೋರ್ಟಿಗೆ ಹೊರಟಿದ್ದಾನೆ, ಹಿಂದೆ ಇನ್ನೊಬ್ಬ ಕೂತಿದ್ದಾನೆ. ಹಿಂದಿನ ಚಕ್ರ ಒಡೆಯಿತು, ಹಿಂದೆ ಕೂತವನು ಹಾರಿದ, ತಲೆ ನೆಲಕ್ಕೆ ಬಡಿಯಿತು. ವಕೀಲ ಅವನನ್ನು ಆಸ್ಪತ್ರೆಗೆ ಸೇರಿಸಿ, ಪೆಟ್ಟು ಎಷ್ಟು ದೊಡ್ಡದೆಂದು ಡಾಕ್ಟರನ್ನೂ ವಿಚಾರಿಸದೆ ತನ್ನ ಕೋರ್ಟು ಕೆಲಸಕ್ಕೆ ಹೋದ. ಗಾಯಗೊಂಡವನು ಸತ್ತುಹೋದ.

ವಕೀಲ ಯಾಕೆ ಹಾಗೆ ಮಾಡಿದ? ಇದೇ ಘಟನೆಯನ್ನು ಅಮೆರಿಕದವರ ಮುಂದಿಟ್ಟಾಗ ಬಂದ ಉತ್ತರಗಳು: ಅವನೊಬ್ಬ ಬೇಜವಾಬ್ದಾರಿ ಮನುಷ್ಯ, ಅವನಿಗೆ ತನ್ನ ಏಳಿಗೆಯೇ ಮುಖ್ಯ. ಮೈಸೂರಿನಲ್ಲಿ ಬಂದ ಉತ್ತರಗಳು: ಕಕ್ಷಿದಾರನ ಪರವಾಗಿ ಕೋರ್ಟಿನಲ್ಲಿ ನಿಲ್ಲುವುದು ಅವನ ಕರ್ತವ್ಯವಾಗಿತ್ತು, ಗಾಬರಿಯಾಗಿರಬಹುದು, ಬಿದ್ದವನು ನೋಡಲಿಕ್ಕೆ ಅಷ್ಟೇನೂ ಗಂಭೀರವಾಗಿ ಕಂಡಿರಲಿಕ್ಕಿಲ್ಲ. ಒಬ್ಬರು ಮನುಷ್ಯನ ಒಳಗೆ ಇಣುಕುತ್ತಾರೆ, ಇನ್ನೊಬ್ಬರು ಅವನ ಸುತ್ತ ಕಣ್ಣಾಡಿಸುತ್ತಾರೆ. ಎರಡೂ ಊರಿನ ಎಂಟು ವರ್ಷದ ಮಕ್ಕಳಲ್ಲಿ ಈ ಅಂತರ ಹೆಚ್ಚೇನೂ ಇರಲಿಲ್ಲ, ವಯಸ್ಸಾದಂತೆ ಬೆಳೆಯಿತು. ಹುಟ್ಟಿನಿಂದ ಬಂದದ್ದಲ್ಲ, ನಾಲ್ಕು ಜನರ ನಡುವೆ ಕಲಿತದ್ದು. (ನನ್ನದೇ ಅಭಿಪ್ರಾಯ ಕೇಳಿದರೆ, ಆ ವಕೀಲನಿಗೆ ಮೈಸೂರಿನವರು ಕೊಟ್ಟ ವಿನಾಯಿತಿ ಸ್ವಲ್ಪ ಅತಿಯಾಯಿತು. ಕಕ್ಷಿದಾರನ ಕೇಸಿಗೆ ಇನ್ನೊಂದು ತಾರೀಕು ಸಿಗುತ್ತಿತ್ತು.)

ಅದೇ ಮಿಲ್ಲರ್ ಮತ್ತು ಜೊತೆಗಾರರು 1992ರಲ್ಲಿ ಇನ್ನೊಂದು ಪ್ರಶ್ನೆ ಇಟ್ಟರು. ಇದನ್ನು ನಾನು ತರಗತಿಯಲ್ಲಿ ಮೂರು ಸಲ ಕೇಳಿ ನೋಡಿದ್ದೇನೆ. ಒಬ್ಬನ ಬಳಿ ಆಪ್ತ ಸ್ನೇಹಿತನ ಮದುವೆಯ ಉಂಗುರಗಳಿವೆ, ನಮ್ಮಲ್ಲಾದರೆ ತಾಳಿ ಎಂದುಕೊಳ್ಳಿ. ಅವನು ರೈಲು ಹಿಡಿದು ಹೋಗಿ ತಲುಪಿಸಬೇಕು. ನಿಲ್ದಾಣದಲ್ಲಿ ಪರ್ಸು ಕಳವಾಗಿದೆ, ಟಿಕೆಟ್ಟೂ ಹೋಗಿದೆ. ಯಾರೂ ಸಾಲ ಕೊಡುತ್ತಿಲ್ಲ. ಪಕ್ಕದಲ್ಲಿ ಅನುಕೂಲಸ್ಥನಂತೆ ಕಾಣುವ ಒಬ್ಬ ಕೋಟು ಬಿಟ್ಟು ಎದ್ದು ಹೋಗಿದ್ದಾನೆ. ಜೇಬಿನಿಂದ ಟಿಕೆಟ್ಟು ಇಣುಕುತ್ತಿದೆ. ಅವನಿಗೆ ಇನ್ನೊಂದು ಟಿಕೆಟ್ಟು ಕೊಳ್ಳುವ ಶಕ್ತಿ ಇದೆ. ಏನು ಮಾಡಬೇಕು?

ಸ್ನೇಹಿತನಿಗೆ ಕೊಟ್ಟ ಮಾತೇ ದೊಡ್ಡದು, ಹೋಗಲೇಬೇಕು ಎಂದವರು ಭಾರತೀಯರಲ್ಲಿ ನೂರಕ್ಕೆ 84, ಅಮೆರಿಕದವರಲ್ಲಿ 39. ನನ್ನ ತರಗತಿಯಲ್ಲಿ ಪ್ರತಿ ಸಲವೂ ಗದ್ದಲ. ‘ಕದಿಯಬಾರದು ಮೇಡಂ’ ಎಂದವರನ್ನು ಉಳಿದವರು ‘ಮುಹೂರ್ತ ಮೀರುತ್ತದಲ್ಲ’ ಎಂದು ಅಡ್ಡಡ್ಡ ಪ್ರಶ್ನೆ ಹಾಕಿ ಬಾಯಿ ಮುಚ್ಚಿಸಿದರು. ಒಬ್ಬಳು ಮಾತ್ರ ಟಿಕೆಟ್ಟಿನ ಜಾಗದಲ್ಲಿ ಚೀಟಿ ಬರೆದಿಟ್ಟು ಹೋಗಬೇಕು, ಮದುವೆ ಮುಗಿದ ಮೇಲೆ ಹಣ ಕಳಿಸಬೇಕು ಎಂದಳು. ವಾಣಿಜ್ಯ ವಿಭಾಗಕ್ಕೆ ತಕ್ಕ ಉತ್ತರ.

ಎರಡು ವರ್ಷ ಮೊದಲು, 1990ರಲ್ಲಿ, ಇದೇ ತಂಡ ಮೈಸೂರಿನವರನ್ನೂ ಅಮೆರಿಕದ ನ್ಯೂ ಹೇವನ್ ನಗರದವರನ್ನೂ ಬೇರೊಂದು ವಿಷಯ ಕೇಳಿತ್ತು: ಕಷ್ಟದಲ್ಲಿದ್ದವರಿಗೆ ನೆರವಾಗದಿರುವುದು ತಪ್ಪೇ, ಅಥವಾ ಅವರವರ ಇಷ್ಟವೇ? ಪ್ರಾಣಕ್ಕೆ ಬಂದಾಗ, ಹೆತ್ತ ಮಗುವಿಗೆ ತಕ್ಕಮಟ್ಟಿಗೆ ಗಂಭೀರವಾದ ಕಷ್ಟ ಬಂದಾಗ ಎರಡೂ ಕಡೆ ಒಂದೇ ಮಾತು. ಸ್ನೇಹಿತನ ಅಥವಾ ಅಪರಿಚಿತನ ಸಣ್ಣ ಅಗತ್ಯದ ಮಾತು ಬಂದಾಗ ಅಮೆರಿಕದವರು ಅದನ್ನು ಮಾಡುವವನ ಇಷ್ಟಕ್ಕೆ ಬಿಟ್ಟರು, ಮೈಸೂರಿನವರು ಅಲ್ಲೂ ಮಾಡಲೇಬೇಕೆಂದರು. ನಮ್ಮ ಮನೆಗಳಲ್ಲಿ ಕಾಫಿ ಕೊಟ್ಟ ಅಮ್ಮನಿಗೆ ಧನ್ಯವಾದ ಹೇಳಿ ನೋಡಿ, ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡುತ್ತಾಳೆ. ಕೊಡಲೇಬೇಕಾದ್ದನ್ನು ಕೊಟ್ಟದ್ದಕ್ಕೆ ಯಾವ ಧನ್ಯವಾದ?

ಇಷ್ಟು ಓದುವ ಹೊತ್ತಿಗೆ ಕೆಲವು ಹಿರಿಯರ ಮುಖ ಅರಳಿರುತ್ತದೆ ಎಂದು ನನಗೆ ಗೊತ್ತು. ‘ನೋಡಿ, ಪಶ್ಚಿಮದವರು ಸ್ವಾರ್ಥಿಗಳು, ಕುಟುಂಬವೆಂದರೆ ನಾವೇ’ ಎಂಬ ಭಾಷಣವನ್ನು ಕಾಲೇಜು ವಾರ್ಷಿಕೋತ್ಸವಗಳಲ್ಲಿ ನಾನು ತ್ರಿಕೋನಗಳಿಗಿಂತ ಹೆಚ್ಚು ಸಲ ಸಹಿಸಿಕೊಂಡಿದ್ದೇನೆ. ಅದೂ ಸುಳ್ಳು.

ಅಮೆರಿಕದ ಅರಿಜೋನಾ ರಾಜ್ಯದ ಮನಶ್ಶಾಸ್ತ್ರಜ್ಞ ಡಗ್ಲಸ್ ಕೆನ್ರಿಕ್ ಮತ್ತು ಜೊತೆಗಾರರು 2010ರಲ್ಲಿ ಮಾಸ್ಲೋ ತ್ರಿಕೋನವನ್ನೇ ಬಿಚ್ಚಿ ಮತ್ತೆ ಕಟ್ಟಿದರು. ತುದಿಯಿಂದ ಆತ್ಮಸಾಕ್ಷಾತ್ಕಾರವನ್ನು ಇಳಿಸಿ ಆ ಜಾಗದಲ್ಲಿ ಮಕ್ಕಳ ಪಾಲನೆಯನ್ನು ಕೂರಿಸಿದರು. (ಅವರು ಬರೆದದ್ದೂ ತ್ರಿಕೋನವನ್ನೇ. ಅದರಿಂದ ಯಾರಿಗೂ ಬಿಡುಗಡೆ ಇಲ್ಲ.) ಆಮೇಲೆ ಅದನ್ನು ಜನರ ಮುಂದಿಟ್ಟು ನೋಡಿದರು. 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 27 ಸಮಾಜಗಳ ಏಳು ಸಾವಿರಕ್ಕೂ ಹೆಚ್ಚು ಜನರಿದ್ದಾರೆ. ಪ್ರಾಣರಕ್ಷಣೆ, ರೋಗದಿಂದ ದೂರವಿರುವುದು, ಗೆಳೆತನ, ಸ್ಥಾನಮಾನ, ಸಂಗಾತಿಯನ್ನು ಹುಡುಕುವುದು, ಇರುವ ಸಂಗಾತಿಯನ್ನು ಉಳಿಸಿಕೊಳ್ಳುವುದು, ಕುಟುಂಬವನ್ನು ನೋಡಿಕೊಳ್ಳುವುದು, ಇವುಗಳಲ್ಲಿ ನಿಮಗೆ ಯಾವುದು ಎಷ್ಟು ಮುಖ್ಯ ಎಂಬುದು ಪ್ರಶ್ನೆ. ಎಲ್ಲ ಕಡೆಯೂ ಮೇಲೆ ಬಂದದ್ದು ಕೊನೆಯ ಎರಡು: ಮನೆಯವರನ್ನು ನೋಡಿಕೊಳ್ಳುವುದು, ಕಟ್ಟಿಕೊಂಡವರನ್ನು ಉಳಿಸಿಕೊಳ್ಳುವುದು. ಹೊಸ ಸಂಗಾತಿಯ ಹುಡುಕಾಟ ತಳಕ್ಕೆ ಹೋಯಿತು. ಉತ್ತರ ಕೊಟ್ಟವರಲ್ಲಿ ಕಾಲೇಜು ಹುಡುಗ ಹುಡುಗಿಯರೇ ಬಹಳ ಮಂದಿ ಎಂಬುದನ್ನು ನೆನಪಿಟ್ಟುಕೊಂಡು ಈ ವಾಕ್ಯವನ್ನು ಇನ್ನೊಮ್ಮೆ ಓದಿ. ‘ಈಗಿನ ಮಕ್ಕಳು’ ಎಂದು ಶುರುವಾಗುವ ನಮ್ಮ ಸಿಬ್ಬಂದಿ ಕೊಠಡಿಯ ಅರ್ಧ ಮಾತುಗಳು ಅಲ್ಲೇ ಬಿದ್ದುಹೋಗುತ್ತವೆ. ಅಮೆರಿಕದವರೂ ಇದಕ್ಕೆ ಹೊರತಲ್ಲ. ಕುಟುಂಬಕ್ಕೆ ಹೆಚ್ಚು ಬೆಲೆ ಕೊಟ್ಟವರು ಬದುಕಿನ ಬಗ್ಗೆ ಹೆಚ್ಚು ತೃಪ್ತರಾಗಿದ್ದರು ಎಂದೂ ಅಧ್ಯಯನ ಹೇಳುತ್ತದೆ.

ಹಾಗಾದರೆ ಮೈಸೂರಿನವರಿಗೂ ಅಮೆರಿಕದವರಿಗೂ ಇರುವ ಅಂತರ ಎಲ್ಲಿ ಹೋಯಿತು? ನನಗೆ ತಿಳಿದಂತೆ ಹೇಳುತ್ತೇನೆ. ಬಯಕೆಗಳು ಎಲ್ಲ ಕಡೆಯೂ ಅವೇ. ಸೇರಿಕೊಂಡಿರಬೇಕು, ಮರ್ಯಾದೆ ಬೇಕು, ಮನೆಯವರು ಚೆನ್ನಾಗಿರಬೇಕು. ಅದು ಇಷ್ಟವೋ ಕರ್ತವ್ಯವೋ, ಯಾರ ತನಕ ಚಾಚುತ್ತದೆ, ಪಡೆದದ್ದಕ್ಕೆ ತಿರುಗಿ ಏನು ಕೊಡಬೇಕು, ಎಂಬ ಲೆಕ್ಕದ ಪುಸ್ತಕಗಳು ಮಾತ್ರ ಊರೂರಿಗೆ ಬೇರೆ.

ಲೆಕ್ಕದ ಪುಸ್ತಕ ಎಂದದ್ದು ಬರಿ ಅಲಂಕಾರಕ್ಕಲ್ಲ. ನಮ್ಮ ಮಾವನವರ ಟ್ರಂಕಿನಲ್ಲಿ ಅಂಥದ್ದೊಂದು ಇತ್ತು. ಉದ್ದನೆಯ ಕೆಂಪು ರಟ್ಟಿನ ನೋಟ್‌ಬುಕ್, ಮೊದಲ ಪುಟದಲ್ಲಿ ಅರಿಸಿನ ಕುಂಕುಮದ ಗುರುತು. ನಮ್ಮ ಮದುವೆಯ ಮುಯ್ಯಿ ಪುಸ್ತಕ. ಛತ್ರದ ಬಾಗಿಲ ಬಳಿ ಮೇಜು ಹಾಕಿಕೊಂಡು ಕೂತವರು ಬರೆದದ್ದು: ಹೆಸರು, ಊರು, ಮೊತ್ತ. 51, 101, ಎರಡು ಸ್ಟೀಲ್ ಬೋಗುಣಿ, ಒಂದು ಗೋಡೆ ಗಡಿಯಾರ. ಎಡಗಡೆ ಬಂದದ್ದು, ಬಲಗಡೆ ಪೆನ್ಸಿಲಿನಲ್ಲಿ ನಾವು ಅವರ ಮನೆಗೆ ತಿರುಗಿ ಹಾಕಿದ್ದು. ಕೆಲವು ಹೆಸರುಗಳ ಬಲಗಡೆ ಖಾಲಿ ಇತ್ತು. ಮಾವನವರು ಕೊನೆಯ ದಿನಗಳಲ್ಲಿ ಹಾಸಿಗೆಯಲ್ಲಿದ್ದುಕೊಂಡೇ ಆ ಖಾಲಿ ಸಾಲುಗಳನ್ನು ನನ್ನಿಂದ ಓದಿಸಿಕೊಂಡು, ‘ಇವರ ಮನೆಯಲ್ಲಿ ಮದುವೆ ಬಂದರೆ ಮರೆಯಬೇಡಿರಮ್ಮ’ ಎನ್ನುತ್ತಿದ್ದರು. ಹೊಲದಲ್ಲೂ ಇದೇ ರೀತಿ ಮುಯ್ಯಾಳು: ಇವತ್ತು ನಮ್ಮ ನಾಟಿಗೆ ನೀವು ಬನ್ನಿ, ನಾಳೆ ನಿಮ್ಮದಕ್ಕೆ ನಾವು. ಕೂಲಿಯ ಮಾತಿಲ್ಲ, ಮರೆವಿಗೂ ಜಾಗವಿಲ್ಲ.

ಈ ಪುಸ್ತಕವನ್ನು ನೋಡಿದವರಿಗೆ ಪಪುವಾ ನ್ಯೂಗಿನಿಯ ಔ ಮತ್ತು ನೌ ಜನರ ನಡತೆ ವಿಚಿತ್ರ ಅನ್ನಿಸುವುದಿಲ್ಲ. ಅರ್ಥಶಾಸ್ತ್ರದಲ್ಲಿ ಒಂದು ಆಟವಿದೆ. ಒಬ್ಬನ ಕೈಗೆ ಒಂದಷ್ಟು ಹಣ ಕೊಡುತ್ತಾರೆ. ಗುರುತು ಗೊತ್ತಿಲ್ಲದ ಇನ್ನೊಬ್ಬನಿಗೆ ಅದರಲ್ಲಿ ಎಷ್ಟು ಕೊಡುತ್ತೇನೆಂದು ಅವನು ಹೇಳಬೇಕು. ಇನ್ನೊಬ್ಬ ಒಪ್ಪಿದರೆ ಇಬ್ಬರಿಗೂ ಅವರವರ ಪಾಲು, ಒಪ್ಪದಿದ್ದರೆ ಇಬ್ಬರಿಗೂ ಸೊನ್ನೆ. ಮಾನವಶಾಸ್ತ್ರಜ್ಞ ಜೋಸೆಫ್ ಹೆನ್ರಿಕ್ ಮತ್ತು ಜೊತೆಗಾರರು ಇದನ್ನು 15 ಸಣ್ಣ ಸಮಾಜಗಳಲ್ಲಿ ಆಡಿಸಿದರು. ಪೆರು ದೇಶದ ಕಾಡಿನ ಮಚಿಗೆಂಗಾ ಜನ ಸರಾಸರಿ ನೂರಕ್ಕೆ 26ರಷ್ಟನ್ನು ಕೊಡಲು ಮುಂದಾದರು. ಅಷ್ಟಕ್ಕೇ ಎದುರಿನವರು ಹೆಚ್ಚುಕಡಿಮೆ ಎಲ್ಲರೂ ಒಪ್ಪಿದರು. ಇಂಡೋನೇಷ್ಯಾದ ಲಮಲೆರಾ ಹಳ್ಳಿಯವರು ಸರಾಸರಿ 58ರಷ್ಟು ಕೊಟ್ಟರು, ಅಂದರೆ ತಮಗಿಂತ ಎದುರಿನವರಿಗೇ ಹೆಚ್ಚು. ಅವರು ದೋಣಿಗಳಲ್ಲಿ ಹೋಗಿ ತಿಮಿಂಗಿಲ ಬೇಟೆಯಾಡುವವರು. ಒಬ್ಬನಿಂದ ಆಗದ ಕೆಲಸ, ಆಮೇಲೆ ಅಷ್ಟು ದೊಡ್ಡ ಪ್ರಾಣಿಯನ್ನು ಹಂಚಿಕೊಳ್ಳುವ ಕಟ್ಟುಪಾಡು ಅವರಿಗೆ ರಕ್ತಗತ. ಔ ಮತ್ತು ನೌ ಜನರು ಮಾತ್ರ ಅರ್ಧಕ್ಕಿಂತ ಹೆಚ್ಚು ಕೊಡುತ್ತೇನೆಂದರೂ ಎಷ್ಟೋ ಸಲ ಬೇಡ ಎಂದುಬಿಟ್ಟರು! ಆಟ ಆಡಿಸಿದವರಿಗೆ ಆಶ್ಚರ್ಯ. ಆದರೆ ಕೇಳದೆ ಬಂದ ದೊಡ್ಡ ಉಡುಗೊರೆ ಅಲ್ಲಿ ತೀರಿಸಲೇಬೇಕಾದ ಬಾಧ್ಯತೆ, ಪಡೆದವನು ಕೊಟ್ಟವನಿಗಿಂತ ಒಂದು ಮೆಟ್ಟಿಲು ಕೆಳಗೆ. ಕನ್ನಡದಲ್ಲಿ ಇದಕ್ಕೆ ವಿವರಣೆ ಬೇಕಿಲ್ಲ, ‘ಹಂಗು’ ಎಂಬ ಎರಡಕ್ಷರ ಸಾಕು. ನಾವು 101 ಹಾಕಿದ ಮನೆಯವರು 5001 ಹಾಕಿದರೆ ನಮ್ಮ ಅತ್ತೆಯವರ ಮುಖ ಖುಷಿಯಿಂದ ಅರಳುತ್ತಿರಲಿಲ್ಲ.

ನಮ್ಮ ಮಕ್ಕಳು ಹುಟ್ಟಿದಂದಿನಿಂದ ನೋಡುತ್ತಿರುವ ಸಂಗತಿ ಇದು. ಅದನ್ನು ಪುಸ್ತಕದಲ್ಲಿ ‘ಪ್ರೇರಣೆ’ ಎಂದು ಯಾರೂ ಗುರುತಿಸಿಲ್ಲ. ಗುರುತಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕರು, ಅವರಲ್ಲಿ ಹೆಂಗಸರೇ ಹೆಚ್ಚು, ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು. ಭವಿಷ್ಯನಿಧಿಯಲ್ಲಿ ಮಾಲೀಕರು ಹಾಕುವ ಪಾಲನ್ನು 58 ವರ್ಷವಾಗುವವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ಹೊಸ ನಿಯಮದ ವಿರುದ್ಧ. ಮುಖ್ಯ ರಸ್ತೆಗಳು ಸ್ತಬ್ಧವಾದವು, ಬಸ್ಸುಗಳಿಗೆ ಬೆಂಕಿ ಬಿತ್ತು, ಎರಡನೆಯ ದಿನ ನಿಯಮವನ್ನು ಹಿಂದಕ್ಕೆ ಪಡೆದರು. ನಮ್ಮ ಪುಸ್ತಕದ ಪ್ರಕಾರ ಪಿಂಚಣಿ ಎಂಬುದು ಎರಡನೆಯ ಮೆಟ್ಟಿಲು, ಭದ್ರತೆ. ನಿಯಮ ಮಾಡಿದವರೂ ಆ ಮೆಟ್ಟಿಲಲ್ಲೇ ನಿಂತು ಯೋಚಿಸಿದ್ದರು: ಮುಪ್ಪಿಗೆ ಆಗಲಿ ಎಂದು. ಆ ಹೆಂಗಸರ ಲೆಕ್ಕದಲ್ಲಿ ಅದು ಮಗನ ಕಾಲೇಜು ಫೀಸು, ಮಗಳ ಮದುವೆ, ಮನೆಯ ಸಾಲ. ತಮ್ಮ ಮುಪ್ಪನ್ನು ಅಡವಿಟ್ಟಾದರೂ ಮಕ್ಕಳನ್ನು ದಡ ಸೇರಿಸಬೇಕೆಂದಿದ್ದವರ ಕೈಗೆ ಅದು ಸಿಗುವುದಿಲ್ಲ ಎಂದಾಗ ರಸ್ತೆಗೆ ಬಂದರು. ನಮ್ಮಲ್ಲಿ ಓದಿದ ಹುಡುಗರೇ ನಾಳೆ ಇಂಥ ಕಾರ್ಖಾನೆಗಳ ಸೂಪರ್‌ವೈಸರುಗಳು, ಸಿಬ್ಬಂದಿ ವಿಭಾಗದವರು. ಅಕ್ಕನ ಮಗುವಿನ ನಾಮಕರಣಕ್ಕೆ ರಜೆ ಕೇಳಿದವಳನ್ನು ‘ಕೆಲಸದಲ್ಲಿ ಆಸಕ್ತಿ ಇಲ್ಲದವಳು’ ಎಂದು ಬರೆದುಕೊಳ್ಳುವವರೂ ಅವರೇ. ಅವಳು ಆ ಕೆಲಸಕ್ಕೆ ಬರುತ್ತಿರುವುದೇ ಆ ಮನೆಯವರಿಗಾಗಿ ಎಂಬುದು ಅವರು ಬಾಯಿಪಾಠ ಮಾಡಿದ ಚಿತ್ರದಲ್ಲಿ ಎಲ್ಲೂ ಇರಲಿಲ್ಲ.

ಕರ್ತವ್ಯವನ್ನು ಹೊಗಳಿ ಪಾಠ ಬರೆಯಿರಿ ಎಂದು ನಾನು ಕೇಳುತ್ತಿಲ್ಲ. ಅದೂ ಅಪಾಯ. ಮನೆಯವರಿಗಾಗಿ ದುಡಿಯುವುದರಲ್ಲಿ ಭಾರತೀಯರು ತೃಪ್ತಿ ಕಾಣುತ್ತಾರೆ, ಅದು ತಮ್ಮದೇ ಆಯ್ಕೆ ಎಂದೂ ಭಾವಿಸುತ್ತಾರೆ ಎಂದು ಮಿಲ್ಲರ್ ಮತ್ತು ಜೊತೆಗಾರರು 2011ರಲ್ಲಿ ಇನ್ನೊಂದು ಅಧ್ಯಯನದಲ್ಲಿ ತೋರಿಸಿದ್ದಾರೆ. ನಾನು ಇದನ್ನು ನಂಬುತ್ತೇನೆ, ಏಕೆಂದರೆ ನನ್ನ ಅನುಭವವೂ ಅದೇ. ಮಾವನವರ ಕೊನೆಯ ಮೂರು ವರ್ಷ ನೋಡಿಕೊಂಡದ್ದರಲ್ಲಿ ನನಗೆ ಸಂಕಟವಿತ್ತು, ತೃಪ್ತಿಯೂ ಇತ್ತು, ಯಾರೂ ನನ್ನ ಕೈಕಟ್ಟಿ ಹಾಕಿರಲಿಲ್ಲ. ಆದರೆ ಅದೇ ಮೂರು ವರ್ಷದಲ್ಲಿ ನನ್ನ ಪಿಎಚ್.ಡಿ ನೋಂದಣಿ ರದ್ದಾಯಿತು. ನನ್ನ ಮೈದುನ ಅದೇ ಊರಿನಲ್ಲಿದ್ದರೂ ಅವರ ಬಡ್ತಿ ನಿಲ್ಲಲಿಲ್ಲ. ‘ಮನೆಗೆ ಮಾರಿ, ಊರಿಗೆ ಉಪಕಾರಿ’ ಎಂಬ ಗಾದೆಯನ್ನು ನಮ್ಮಲ್ಲಿ ಗಂಡಸರಿಗೂ ಹೇಳುತ್ತಾರೆ, ಹೆಂಗಸರಿಗೂ ಹೇಳುತ್ತಾರೆ. ಆ ಮಾತು ಕೇಳಿ ಕೆಲಸ ಬಿಟ್ಟ ಗಂಡಸನ್ನು ನಾನು ಇನ್ನೂ ನೋಡಿಲ್ಲ. ಮೊದಲು ಹೇಳಿದ ಹುಡುಗಿಯ ಅಕ್ಕ ಹತ್ತನೇ ತರಗತಿಯಲ್ಲಿ ಇವಳಿಗಿಂತ ಹೆಚ್ಚು ಅಂಕ ತೆಗೆದಿದ್ದಳಂತೆ. ಆತ್ಮಸಾಕ್ಷಾತ್ಕಾರ ಎಂದು ಪುಸ್ತಕ ಕರೆಯುವ ವಸ್ತು ಅವಳಿಗೂ ಬೇಕಾಗಿರಬಹುದು. ಅದನ್ನು ಯಾರಾದರೂ ಅವಳನ್ನು ಕೇಳಬೇಕು, ತ್ರಿಕೋನವೂ ಕೇಳುವುದಿಲ್ಲ, ವಾರ್ಷಿಕೋತ್ಸವದ ಭಾಷಣವೂ ಕೇಳುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ ದೊಡ್ಡದೇನಲ್ಲ. ಮಾಸ್ಲೋ ಅವರನ್ನು ಕಿತ್ತುಹಾಕಬೇಡಿ. 1943ರಲ್ಲಿ ನಿಂತು ಅಷ್ಟು ದೂರ ಕಂಡವರು ಅವರು. ‘ಮೇಲಷ್ಟೇ’ ಎಂಬ ಪದವನ್ನು ತೆಗೆದು ಅವರು ನಿಜವಾಗಿ ಬರೆದದ್ದನ್ನು ಹಾಕಿ, ಆ 85, 70, 50ರ ಸಾಲನ್ನೂ ಸೇರಿಸಿ. ನಮ್ಮ ಮಕ್ಕಳಿಗೆ ಶೇಕಡಾ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ. ತ್ರಿಕೋನ ಯಾರ ಕೈಯಿಂದ ಬಂತೆಂಬುದಕ್ಕೆ ಒಂದು ವಾಕ್ಯ ಕೊಡಿ. ಪಕ್ಕದಲ್ಲಿ ಅರ್ಧ ಪುಟದ ಚೌಕಟ್ಟು ಹಾಕಿ ಮೈಸೂರಿನ ವಕೀಲನನ್ನೂ ರೈಲು ಟಿಕೆಟ್ಟನ್ನೂ ಕೂರಿಸಿ, ಕೆಳಗೆ ‘ನೀವೇನು ಮಾಡುತ್ತಿದ್ದಿರಿ?’ ಎಂದು ಕೇಳಿ ಬಿಟ್ಟುಬಿಡಿ, ಉತ್ತರ ಕೊಡಬೇಡಿ. 27 ಸಮಾಜಗಳ ಫಲಿತಾಂಶಕ್ಕೆ ನಾಲ್ಕು ಸಾಲು ಸಾಕು. ಅನುವಾದ ಮಾಡುವ ಹಿರಿಯರು ಐದನೆಯ ಮೆಟ್ಟಿಲಿಗೆ ಕಾಶಿಯಾತ್ರೆಯ ನೆನಪು ತರದ ಒಂದು ಪದ ಹುಡುಕಿದರೆ ಇನ್ನೂ ಉಪಕಾರ.

ಮತ್ತೆ ಪ್ರಶ್ನೆಪತ್ರಿಕೆ ತೆಗೆಯುವವರಲ್ಲಿ ಒಂದು ಪ್ರತ್ಯೇಕ ವಿನಂತಿ. ಆ ಹುಡುಗಿ ಪರೀಕ್ಷೆಯಲ್ಲಿ ತ್ರಿಕೋನವನ್ನು ಅಚ್ಚುಕಟ್ಟಾಗಿ ಬರೆದು ಪೂರ್ತಿ ಅಂಕ ಪಡೆದಳು ಎಂದು ಆಮೇಲೆ ನನಗೆ ಹೇಳಿದಳು. ಈಗ ಬಿ.ಕಾಂ ಓದುತ್ತಿದ್ದಾಳೆ, ವ್ಯಾನು ಈಗಲೂ ಆರೂವರೆಗೇ ಬರುತ್ತದೆ. ಬರುವ ವರ್ಷ ಯಾರಾದರೂ ಮಗು ಅದೇ ಪ್ರಶ್ನೆಗೆ ಐದು ಗೆರೆ ಎಳೆಯುವ ಬದಲು ತನ್ನ ಮನೆಯ ಒಬ್ಬರ ಕಥೆ ಬರೆದು, ಇವರು ಯಾವ ಮೆಟ್ಟಿಲಿಗೂ ಸೇರುವುದಿಲ್ಲ, ಯಾಕೆಂದರೆ ಹೀಗೆ, ಎಂದು ಕಾರಣ ಕೊಟ್ಟರೆ ಎಷ್ಟು ಅಂಕ ಹಾಕಬೇಕು ಎಂಬುದನ್ನು ದಯವಿಟ್ಟು ಮಾದರಿ ಉತ್ತರದಲ್ಲಿ ನಮೂದಿಸಿ. ನಾನು ಮೌಲ್ಯಮಾಪನಕ್ಕೆ ಬರುವಾಗ ಕೆಂಪು ಪೆನ್ನು ಹಿಡಿದುಕೊಂಡೇ ಬರುತ್ತೇನೆ, ಅರ್ಧ ಅಂಕ ಕಳೆಯುವ ಅಭ್ಯಾಸ ಇನ್ನೂ ಹೋಗಿಲ್ಲ.

ಇತಿ ತಮ್ಮ ವಿಶ್ವಾಸಿ,
ಒಬ್ಬ ವಾಣಿಜ್ಯ ಉಪನ್ಯಾಸಕಿ